ಮಳೆಯಿಲ್ಲದ ದಿನ ಹರಿಯುವ ಮಳೆನೀರು

ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿತ್ತು. ನಮ್ಮ ಲೇಔಟಿನ ಕೆರೆಯಲ್ಲಿ ಮೀನುಗಳೆಲ್ಲ ದಡದ ಹತ್ತಿರ ಗುಂಪುಗೂಡಿ, ಬಾಯನ್ನು ನೀರಿನಿಂದ ಮೇಲಕ್ಕೆತ್ತಿ ಪಕಪಕ ಅನ್ನಿಸುತ್ತಿದ್ದವು. ವಾಕಿಂಗಿಗೆ ಬಂದವರು ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಳ್ಳುತ್ತಿದ್ದರು. 'ನೋಡು ಪುಟ್ಟಿ, ಮೀನು ಗುಡ್ ಮಾರ್ನಿಂಗ್ ಹೇಳ್ತಿದೆ' ಎಂದು ಒಬ್ಬರು ಮೊಮ್ಮಗಳಿಗೆ ತೋರಿಸಿದರು. ಪಾಪ, ಬ್ರೆಡ್ಡಿನ ಚೂರು ಎಸೆದವರೂ ಇದ್ದರು. ಮೂರು ದಿನ ಕಳೆದು ರಾತ್ರಿ ಒಂದು ಜೋರು ಮಳೆ ಬಂತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ ಹಿರಿಯರು. ನಮ್ಮಲ್ಲಿ ಮಾತ್ರ ಮರುದಿನ ಬೆಳಿಗ್ಗೆ ಸೆಕ್ಯುರಿಟಿಯವರು ಮೂಗಿಗೆ ಟವೆಲ್ ಕಟ್ಟಿಕೊಂಡು ಸತ್ತ ಮೀನುಗಳನ್ನು ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದರು.

ಬ್ರೋಷರಿನಲ್ಲಿ 'ಲೇಕ್ ವ್ಯೂ' ಎಂದು ಓದಿ, ಅದಕ್ಕೆಂದೇ ನಾಲ್ಕು ಕಾಸು ಹೆಚ್ಚು ಕೊಟ್ಟು ಮನೆ ಕೊಂಡವರಿಗೆ ಈ ಬರಹ. ಊರಾಚೆಯ ಲೇಔಟುಗಳಲ್ಲಿ, ಗೇಟೆಡ್ ಕಮ್ಯುನಿಟಿಗಳಲ್ಲಿ ಈಗ ಕೆರೆಯೊಂದು ಇರಲೇಬೇಕು ಅನ್ನುವಂತಾಗಿದೆ. ಕೆಲವು ಕಡೆ ಅದು ಸುತ್ತ ಮನೆಗಳೆದ್ದ ಹಳೆಯ ಊರ ಕೆರೆ. ಕೆಲವು ಕಡೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಲ್ಡರು ಮಾಡಿಸಿದ ಹೊಂಡ. ಇನ್ನು ಕೆಲವು ಕಡೆ ಮಳೆನೀರು ಹಿಡಿದಿಡಲು ತೋಡಿದ ಗುಂಡಿಗೆ ಕಾರಂಜಿ ಸಿಕ್ಕಿಸಿ ಕೆರೆ ಎಂದು ಹೆಸರಿಟ್ಟಿರುತ್ತಾರೆ.

'ಅಯ್ಯೋ, ಅದು ಆರ್ಟಿಫಿಶಿಯಲ್ ಲೇಕು' ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ತಾನಾಗಿ ಹುಟ್ಟಿದ ಕೆರೆಯೇ ಇಲ್ಲ. ಕೆಂಪಾಂಬುಧಿ, ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿರುವ ಧರ್ಮಾಂಬುಧಿ, 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆ, ಎಲ್ಲವೂ ಏರಿ ಹಾಕಿ ನೀರು ನಿಲ್ಲಿಸಿದವೇ. ಆದರೆ ಆ ಕೆರೆಗಳಿಗೆ ನೀರು ಬರುವ ಕಾಲುವೆಯೂ ಇತ್ತು, ಹೋಗುವ ತೂಬು, ಕೋಡಿಗಳೂ ಇದ್ದವು. ತೂಬು ಎತ್ತುವ ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಹೂಳು ಗಾಡಿಯೇರಿ ಹೊಲ ಸೇರುತ್ತಿತ್ತು. ಬಂದದ್ದು ಹೊರಗೆ ಹೋಗುತ್ತಿತ್ತು. ಲೇಔಟಿನ ಹೊಂಡಕ್ಕೆ ಬರುವ ದಾರಿಯುಂಟು, ಹೋಗುವ ದಾರಿ ಇಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಕೊಳೆ ಉಳಿಯುತ್ತದೆ. ಮತ್ತೆ ಟ್ಯಾಂಕರ್ ನೀರು ತುಂಬುತ್ತಾರೆ. ಒಲೆ ಮೇಲೆ ಬಿಟ್ಟ ಸಾರು ಬತ್ತಿ ಬತ್ತಿ ಉಪ್ಪಾಗುವ ಹಾಗೆ, ವರ್ಷ ಕಳೆದಂತೆ ಗಟ್ಟಿಯಾಗುತ್ತದೆ.

ಮೀನು ಯಾಕೆ ಬಾಯಿ ಬಿಡುತ್ತಿದ್ದವು ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ನೀರು ಹಸಿರಾಗಿದ್ದರೆ ಅದರಲ್ಲಿ ಕಣ್ಣಿಗೆ ಕಾಣದ ಪಾಚಿ ಕೋಟಿಗಟ್ಟಲೆ ಇದೆ ಎಂದರ್ಥ. ಹಗಲು ಬಿಸಿಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಮೂರಕ್ಕೆ ಅಳೆದರೆ ನೀರಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ. ರಾತ್ರಿ ಅದೇ ಪಾಚಿ, ತಳದ ಕೆಸರಿನ ಬ್ಯಾಕ್ಟೀರಿಯಾ ಜೊತೆ ಸೇರಿ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಮಟ್ಟ ತೀರಾ ಕೆಳಗಿಳಿದಿರುತ್ತದೆ. ಆಗ ಮೀನು ಮೇಲಿನ ತೆಳುಪದರದಲ್ಲಿ ಸಿಕ್ಕಷ್ಟು ಉಸಿರಿಗೆ ಒದ್ದಾಡುತ್ತದೆ. ಇದರ ಮೇಲೆ ಬೇಸಿಗೆಯ ಮೊದಲ ಮಳೆ, ತಿಂಗಳುಗಟ್ಟಲೆ ಚರಂಡಿಯಲ್ಲಿ ಕೊಳೆತದ್ದನ್ನೆಲ್ಲ ಒಂದೇ ಸಲ ತಂದು ಸುರಿದು, ತಳದ ಹೂಳನ್ನೂ ಕದಡಿಬಿಟ್ಟರೆ ಮುಗಿಯಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ದೊಡ್ಡ ಕೆರೆಗೇ ಆ ಗತಿ ಬಂದರೆ ಒಂದೆಕರೆ ಹೊಂಡ ಯಾವ ಲೆಕ್ಕ?

ಆದ್ದರಿಂದ ಲ್ಯಾಬಿನವರು ಹನ್ನೊಂದು ಗಂಟೆಗೆ ಎಸಿ ಕಾರಿನಲ್ಲಿ ಬಂದು ಆಮ್ಲಜನಕ ಅಳೆದು 'ಚೆನ್ನಾಗಿದೆ ಸಾರ್' ಎಂದರೆ ಆ ಮಾತನ್ನು ಅರ್ಧ ಮಾತ್ರ ನಂಬಿ. ಬೆಳಗಿನ ಜಾವದ ಲೆಕ್ಕ ಬೇರೆಯೇ ಇರುತ್ತದೆ.

ಪಾಚಿಗೆ ಊಟ ಹಾಕುವವರು ಯಾರು? ಬಹುಪಾಲು ರಂಜಕ, ಅಂದರೆ ಫಾಸ್ಫರಸ್. 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು 226 ಎಂಬ ಸಂಖ್ಯೆಯೇ ಹೆಸರಾಗಿದ್ದ ಒಂದು ಕೆರೆಯನ್ನು ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ಅದೊಂದು ಪಾಲು ಹಚ್ಚಹಸಿರಾಯಿತು, ಪಕ್ಕದ್ದು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಕೆರೆಯ ಚಿತ್ರ ನೋಡಿದವರಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಈಗ ನಮ್ಮ ಹೊಂಡದ ಲೆಕ್ಕ ಮಾಡೋಣ. ಒಂದೆಕರೆ ಅಗಲ, ಎರಡು ಮೀಟರ್ ಆಳ ಎಂದರೆ ಸುಮಾರು 80 ಲಕ್ಷ ಲೀಟರ್ ನೀರು. ಲೀಟರಿಗೆ 0.03 ಮಿಲಿಗ್ರಾಂ ರಂಜಕ ದಾಟಿದರೆ ನೀರು ಪಾಚಿಗಟ್ಟುವ ಹಾದಿ ಹಿಡಿಯಿತು ಎಂದು ಹೇಳಬಹುದು. ಅಂದರೆ ಇಡೀ ಹೊಂಡಕ್ಕೆ ಕಾಲು ಕಿಲೋ ಸಾಕು. ಲಾನಿಗೆ ಹಾಕುವ ಡಿಎಪಿ ಗೊಬ್ಬರದ 50 ಕಿಲೋ ಚೀಲದಲ್ಲಿ ಸುಮಾರು ಹತ್ತು ಕಿಲೋ ರಂಜಕವಿದೆ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಸುಮಾರು ಒಂದು ಗ್ರಾಂ ಹೋಗುತ್ತದೆ. ಎಂಟು ಜನರ ಒಂದು ತಿಂಗಳ ಕೊಳಚೆ ಹೊಂಡಕ್ಕೆ ಸೇರಿದರೆ ಆ ಕಾಲು ಕಿಲೋ ತುಂಬಿತು. ಇನ್ನೂರು ಮನೆಯ ಲೇಔಟಿನಲ್ಲಿ ಎಂಟು ಜನರದ್ದು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಅಸಲಿ ಕೆಲಸ.

ಮೊದಲು ಚರಂಡಿ ನೋಡಿ

ಕೆರೆ ಗಲೀಜಾದಾಗ ನಾವು ಮಾಡುವ ದೊಡ್ಡ ತಪ್ಪು ಕೆರೆಯನ್ನೇ ನೋಡುತ್ತಾ ನಿಲ್ಲುವುದು. ಅಸೋಸಿಯೇಷನ್ ಮೀಟಿಂಗಿನಲ್ಲಿ ಒಬ್ಬರು ಕಾರಂಜಿ ಹಾಕಿಸೋಣ ಅನ್ನುತ್ತಾರೆ, ಇನ್ನೊಬ್ಬರು ಯಾವುದೋ ಪುಡಿಯ ಕೊಟೇಶನ್ ತಂದಿರುತ್ತಾರೆ. ಮೊದಲು ನೋಡಬೇಕಾದದ್ದು ಕೆರೆಗೆ ಬಂದು ಸೇರುವ ಮಳೆನೀರು ಚರಂಡಿಯ ಬಾಯಿ. ಅದನ್ನೂ ಮಳೆಗಾಲದಲ್ಲಿ ನೋಡಿದರೆ ಪ್ರಯೋಜನವಿಲ್ಲ. ಹತ್ತು ದಿನದಿಂದ ಒಂದು ಹನಿ ಬಿದ್ದಿಲ್ಲ ಅನ್ನುವಾಗ, ಎಲ್ಲರ ಮನೆಯಲ್ಲಿ ಸ್ನಾನ, ಬಟ್ಟೆ ನಡೆಯುವ ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಹೋಗಿ. ಅಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಕೊಳವೆಯ ಅಂಚಿಗೆ ಬೂದು ಬಣ್ಣದ, ಹತ್ತಿಯ ಎಳೆಯಂಥ ಲೋಳೆ ಅಂಟಿಕೊಂಡಿದ್ದರೆ ಕೊಳಚೆ ಬಹಳ ದಿನದಿಂದ ಬರುತ್ತಿದೆ ಎಂದು ತಿಳಿಯಿರಿ. ನೊರೆ, ಸೋಪಿನ ವಾಸನೆ ಇದ್ದರೆ ಅದು ಬಟ್ಟೆ, ಪಾತ್ರೆಯ ನೀರು. ಕೊಳೆತ ಮೊಟ್ಟೆಯ ನಾತ ಇದ್ದರೆ ಎಲ್ಲೋ ನಿಂತು ಕೊಳೆತು ಬರುತ್ತಿದೆ.

ನಮ್ಮಲ್ಲಿ ಹಾಗೆ ನೋಡಲು ಹೋದದ್ದು ನಾವು ನಾಲ್ಕು ಜನ, ಜೊತೆಗೆ ಪ್ಲಂಬರ್. ಕೆರೆಯ ಉತ್ತರ ಬದಿಯ ಚರಂಡಿಯಲ್ಲಿ ಬೆರಳು ದಪ್ಪದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಒಂದೊಂದೇ ಚೇಂಬರಿನ ಮುಚ್ಚಳ ಎತ್ತುತ್ತಾ ಮೇಲಕ್ಕೆ ಹೋದೆವು. ಮುಚ್ಚಳ ಎತ್ತಿದಾಗೆಲ್ಲ ಜಿರಲೆಗಳು ಹೊರಗೆ ಓಡುತ್ತಿದ್ದವು. ಐದನೇ ಚೇಂಬರಿನಲ್ಲಿ ನೀರು, ಆರನೆಯದರಲ್ಲಿ ಒಣಗಿತ್ತು. ನಡುವೆ ಇದ್ದದ್ದು ಒಂದೇ ಬ್ಲಾಕು, ಅದರಲ್ಲಿ ನಮ್ಮ ಮನೆಯೂ ಇದೆ. ಪ್ಲಂಬರ್ ಕೇಳಿದ: 'ಸಾರ್, ನಿಮ್ಮನೇಲಿ ವಾಷಿಂಗ್ ಮಷೀನ್ ಎಲ್ಲಿಟ್ಟಿದೀರ?' ಯುಟಿಲಿಟಿ ಬಾಲ್ಕನಿಯಲ್ಲಿ ಎಂದೆ. 'ಬಟ್ಟೆಗೆ ಹಾಕೋ ನೀಲಿ ಇದ್ರೆ ಆ ಜಾಲರಿಗೆ ಅರ್ಧ ಬಾಟಲಿ ಸುರಿದು ಒಂದು ಬಕೆಟ್ ನೀರು ಬಿಡಕ್ಕೆ ಮೇಡಂಗೆ ಹೇಳಿ.' ಹೆಂಡತಿಗೆ ಫೋನ್ ಮಾಡಿದೆ. ನಾಲ್ಕು ನಿಮಿಷದಲ್ಲಿ ಐದನೇ ಚೇಂಬರ್ ಕೃಷ್ಣನ ಮೈಬಣ್ಣಕ್ಕೆ ತಿರುಗಿತು. ನಮ್ಮ ಬಟ್ಟೆ ಒಗೆದ ನೀರು ಏಳು ವರ್ಷದಿಂದ ಸೀದಾ ಕೆರೆಗೆ ಹೋಗುತ್ತಿತ್ತು. ಬಾಲ್ಕನಿಗೆ ಬಿದ್ದ ಮಳೆನೀರು ಹೋಗಲೆಂದು ಇಟ್ಟ ಪೈಪಿಗೆ ಕಟ್ಟಿದವರು ಮಷೀನಿನ ನೀರನ್ನೂ ಕೊಟ್ಟುಬಿಟ್ಟಿದ್ದರು. ಮೀನು ಸತ್ತ ದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರಿಗಿಂತ ಉದ್ದದ ಮೆಸೇಜು ಹಾಕಿದ್ದವನು ನಾನೇ.

ಈ ನೀಲಿ ಪರೀಕ್ಷೆಗೆ ಖರ್ಚೇ ಇಲ್ಲ. ಒಂದೊಂದು ಸಾಲಿನ ಮನೆಗೆ ಒಂದೊಂದು ದಿನ ಇಟ್ಟುಕೊಂಡು ಮಾಡಿ. ಯುಟಿಲಿಟಿಯ ಜಾಲರಿ, ತಾರಸಿಯ ಮೇಲೆ ಕೆಲಸದವರಿಗೆ ಕಟ್ಟಿಸಿದ ಬಚ್ಚಲು, ಕಾರ್ ತೊಳೆಯುವ ಜಾಗ, ಕ್ಲಬ್‌ಹೌಸಿನ ಅಡುಗೆಮನೆ, ಆಮೇಲೆ ಕಟ್ಟಿಸಿಕೊಂಡ ಎಕ್ಸ್‌ಟ್ರಾ ಟಾಯ್ಲೆಟ್ಟು, ಇವೇ ಸಾಮಾನ್ಯ ಅಪರಾಧಿಗಳು. ಸರಿಪಡಿಸಲು ಹೆಚ್ಚಿನ ಮನೆಗಳಲ್ಲಿ ಬೇಕಾಗುವುದು ಕೆಲವು ಅಡಿ ಪೈಪು, ಒಂದು ದಿನದ ಕೆಲಸ. ಒಳಚರಂಡಿಯ ಚೇಂಬರ್ ಕಟ್ಟಿಕೊಂಡು ಪಕ್ಕದ ಮಳೆ ಚರಂಡಿಗೆ ಉಕ್ಕುವುದು ಇನ್ನೊಂದು ಬಗೆ. ಅದಕ್ಕೆ ಆಗಾಗ ಜೆಟ್ಟಿಂಗ್ ಮಾಡಿಸುವುದೊಂದೇ, ಅಂದರೆ ರಭಸದ ನೀರು ಹಾಯಿಸಿ ಪೈಪು ಬಿಡಿಸುವುದೊಂದೇ ದಾರಿ.

ಎಸ್‌ಟಿಪಿ ನೀರಿನ ಮರ್ಮ

'ನಮ್ಮದು ಟ್ರೀಟೆಡ್ ವಾಟರ್ ಸಾರ್, ನಿಯಮದ ಪ್ರಕಾರವೇ ಇದೆ' ಎಂದು ಮ್ಯಾನೇಜರ್ ಹೇಳಿದರೆ ಅದು ಸುಳ್ಳೇ ಆಗಿರಬೇಕಿಲ್ಲ. ಆದರೆ ಶುದ್ಧೀಕರಿಸಿದ ನೀರನ್ನು ಕೆರೆಕಟ್ಟೆಗಳಿಗೆ ಬಿಡುವುದಾದರೆ ರಂಜಕ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು. ಪಾಚಿಗೆ 0.03 ಸಾಕು ಎಂದೆನಲ್ಲ, ಇದು ಅದರ ಮೂವತ್ತು ಪಟ್ಟಿಗೂ ಹೆಚ್ಚು. ದಿನಕ್ಕೆ 50,000 ಲೀಟರ್ ಬಿಟ್ಟರೆ 50 ಗ್ರಾಂ, ಐದು ದಿನಕ್ಕೆ ನಮ್ಮ ಕಾಲು ಕಿಲೋ ಆಯಿತು. ಅಂದರೆ ನೂರಕ್ಕೆ ನೂರು ನಿಯಮ ಪಾಲಿಸಿದ ನೀರೂ ನಿಮ್ಮ ಹೊಂಡವನ್ನು ಹಸಿರು ಮಾಡಬಲ್ಲದು. ನಮ್ಮ ಲೇಔಟುಗಳ ಎಸ್‌ಟಿಪಿಗಳಲ್ಲಿ (ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ) ಬಹಳಷ್ಟು, ದುರ್ನಾತ ಮತ್ತು ಬಿಒಡಿ (ನೀರಿನ ಕೊಳೆ ಕೊಳೆಯುವಾಗ ನುಂಗುವ ಆಮ್ಲಜನಕದ ಲೆಕ್ಕ) ಇಳಿಸಲು ಕಟ್ಟಿದವು. ರಂಜಕ ತೆಗೆಯುವ ಏರ್ಪಾಡು ಅವುಗಳಲ್ಲಿ ಇರುವುದೇ ಅಪರೂಪ.

ಹಾಗೆಂದು ಆ ನೀರು ಬೇಡವೇ ಬೇಡ ಎಂದಲ್ಲ. ಅದು ಬರದಿದ್ದರೆ ಎಷ್ಟೋ ಕೆರೆ ಬೇಸಿಗೆಯಲ್ಲಿ ಒಣಗುತ್ತವೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಮೊದಲು ಜೊಂಡು, ಆಪು ಬೆಳೆದ ಜವುಗು ಪ್ರದೇಶದ ಮೂಲಕ ನಿಧಾನ ಹಾದು ಆಮೇಲೆ ಕೆರೆ ಸೇರುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೂ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಬರುತ್ತದೆ. ಅಲ್ಲಿನ ನಿವಾಸಿಗಳು ಕೆರೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು ಬಂದಿದ್ದಾರೆ. ಎಸ್‌ಟಿಪಿಯ ಪೈಪನ್ನು ಸೀದಾ ಹೊಂಡಕ್ಕೆ ತೂರಿಸದೆ, ನಡುವೆ ಜಲ್ಲಿ ತುಂಬಿದ ತೊಟ್ಟಿ ಕಟ್ಟಿ ಅದರಲ್ಲಿ ಕಾಬಾಳೆ, ಆಪು, ಲಾವಂಚ ಬೆಳೆಸಿ. ಅಥವಾ ಆ ನೀರನ್ನು ಲಾನಿಗೇ ಬಿಟ್ಟು ಲಾನಿನ ಗೊಬ್ಬರ ನಿಲ್ಲಿಸಿ. ನನಗೆ ಎರಡನೆಯದೇ ಹೆಚ್ಚು ಹಿಡಿಸಿದ್ದು: ನೀರೂ ಅದೇ, ಗೊಬ್ಬರವೂ ಅದೇ.

ಎಸ್‌ಟಿಪಿಯ ಬೈಪಾಸ್ ವಾಲ್ವ್ ಎಲ್ಲಿದೆ ಅನ್ನುವುದನ್ನು ಮಾತ್ರ ಕಣ್ಣಾರೆ ನೋಡಿ ಬನ್ನಿ. ಕರೆಂಟ್ ಹೋದಾಗ, ಬ್ಲೋವರ್ ಕೆಟ್ಟಾಗ, ಕೆಲವೊಮ್ಮೆ ಕರೆಂಟ್ ಬಿಲ್ ಉಳಿಸಲೆಂದೇ ರಾತ್ರಿ ಹೊತ್ತು ಆ ವಾಲ್ವ್ ತೆರೆಯುತ್ತದೆ. ಲಾಗ್‌ಬುಕ್ಕಿನಲ್ಲಿ ವರ್ಷವಿಡೀ ಒಂದೇ ಅಂಕಿ ಬರೆದಿದ್ದರೆ ಅದು ಒಂದೇ ದಿನ ಕೂತು ಬರೆದ ಪುಸ್ತಕ.

ತಟ್ಟೆ, ದಾರ, ಬಾಟಲಿ

ನೀರಿನ ತಿಳಿ ಅಳೆಯಲು 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಒಂದು ಬಿಳಿ ಬಿಲ್ಲೆಯನ್ನು ನೀರಿಗೆ ಇಳಿಬಿಟ್ಟ. ನೀವು ಹಳೆಯ ಸ್ಟೀಲ್ ತಟ್ಟೆ ತೆಗೆದುಕೊಳ್ಳಿ, ಒಂದು ಗೇಣು ಅಗಲದ್ದು ಸಾಕು. ನಾಲ್ಕು ಭಾಗ ಮಾಡಿ ಎದುರೆದುರು ಭಾಗಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಹೊಡೆದು ಅಡಿಗೆ ಭಾರ ಕಟ್ಟಿ, ದಾರಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿ. ನೆರಳಿರುವ ಕಡೆ ನಿಂತು ನಿಧಾನ ಇಳಿಸಿ, ತಟ್ಟೆ ಕಣ್ಮರೆಯಾದಾಗ ಎಷ್ಟು ಗಂಟು ನೀರೊಳಗಿವೆ ಎಣಿಸಿ. ವಾರಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು. ಲೇಔಟಿನ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಒಂದು ವಾರವೂ ತಪ್ಪಿಸುವುದಿಲ್ಲ.

ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ನವೆಂಬರಿನಲ್ಲಿ, ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ನೀರು ಕೊಡಿ. ಪಿಎಚ್, ಕರಗಿದ ಆಮ್ಲಜನಕ, ಬಿಒಡಿ, ಅಮೋನಿಯಾ, ಒಟ್ಟು ರಂಜಕ, ಮಲದ ಕೋಲಿಫಾರಂ, ಇಷ್ಟು ಕೇಳಿದರೆ ಸಾಕು. ಇಪ್ಪತ್ತೆಂಟು ಅಂಶಗಳ ಪ್ಯಾಕೇಜು ಬೇಡ. ಕೆನೆಗಟ್ಟಿದ ಮೇಲ್ಪದರ ಬಿಟ್ಟು ಒಂದಡಿ ಕೆಳಗಿನಿಂದ, ನೀರು ಬರುವ ಕಡೆ, ನಡುವೆ, ಕೋಡಿಯ ಕಡೆ ಹೀಗೆ ಮೂರು ಬಾಟಲಿ. ಕೋಲಿಫಾರಂಗೆ ಲ್ಯಾಬೇ ಕೊಡುವ ಬಾಟಲಿ ಬಳಸಿ, ಐಸಿನ ಡಬ್ಬಿಯಲ್ಲಿಟ್ಟು ಅಂದೇ ಮುಟ್ಟಿಸಿ. ಆಮ್ಲಜನಕವನ್ನು ಮಾತ್ರ ಸ್ಥಳದಲ್ಲೇ, ಸೂರ್ಯೋದಯಕ್ಕೆ ಅಳೆಯಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಹಾಕುವ ಕಿಟ್ಟೂ ಆದೀತು. ಮೀನು ಬದುಕುವ ನೀರು, ಅಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ದರ್ಜೆಗೆ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಇರಬೇಕು, ಪಿಎಚ್ 6.5ರಿಂದ 8.5ರೊಳಗೆ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಕೆರೆಯ ಪಕ್ಕ ಬೋರ್‌ವೆಲ್ ಇದ್ದರೆ ಅದರ ನೀರಿನಲ್ಲಿ ನೈಟ್ರೇಟ್ ನೋಡಿಸಿ. ಕುಡಿಯುವ ನೀರಿಗೆ 45 ಮಿಲಿಗ್ರಾಂ ಮಿತಿ.

ಒಂದು ಎಚ್ಚರಿಕೆ. ನೀರ ಮೇಲೆ ಹಸಿರು ಪೇಂಟ್ ಚೆಲ್ಲಿದಂತೆ ಗಟ್ಟಿ ಪದರ ಕಂಡರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಅದರ ಕೆಲವು ಬಗೆಗಳು ವಿಷ ಬಿಡುತ್ತವೆ. ನಾಯಿಯನ್ನು ನೀರಿಗಿಳಿಸಬೇಡಿ, ಮಕ್ಕಳನ್ನು ದೂರವಿಡಿ, ಆ ಮೀನು ಯಾರೂ ತಿನ್ನುವುದು ಬೇಡ.

ದುಡ್ಡು ಎಲ್ಲಿ ಹಾಕಬೇಕು

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಗೊತ್ತಿರುವ ಮೈಲುತುತ್ತವನ್ನು ಪಾಚಿ ಕೊಲ್ಲಲು ಕೆರೆಗೆ ಹಾಕುವವರಿದ್ದಾರೆ. ಎರಡೇ ದಿನದಲ್ಲಿ ನೀರು ತಿಳಿಯಾಗುವುದು ನಿಜ. ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ನುಂಗುತ್ತದೆ, ಪಾಚಿಯೊಳಗಿನ ವಿಷ ನೀರಿಗೆ ಬಿಡುಗಡೆಯಾಗುತ್ತದೆ, ತಾಮ್ರ ಹೂಳಿನಲ್ಲಿ ಉಳಿಯುತ್ತದೆ, ರಂಜಕ ಎಲ್ಲೂ ಹೋಗಿರುವುದಿಲ್ಲ. ದಯವಿಟ್ಟು ಬೇಡ. ಎಂಜೈಮ್, ಬ್ಯಾಕ್ಟೀರಿಯಾ ಪುಡಿಗಳ ಬಗ್ಗೆಯೂ ನನಗೆ ನಂಬಿಕೆ ಕಡಿಮೆ. ಚರಂಡಿ ಮುಚ್ಚದೆ ಪುಡಿ ಹಾಕುವುದು ನಲ್ಲಿ ಬಿಟ್ಟುಕೊಂಡು ನೆಲ ಒರೆಸಿದ ಹಾಗೆ.

ಏರೇಟರ್ ಉಪಯೋಗಕ್ಕೆ ಬರುತ್ತದೆ, ಆದರೆ ಓಡಬೇಕಾದದ್ದು ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ. ಬಹಳ ಕಡೆ ಸಂಜೆ ವಾಕಿಂಗಿನವರಿಗೆ ಚೆಂದ ಕಾಣಲಿ ಎಂದು ಐದರಿಂದ ಎಂಟಕ್ಕೆ ಓಡಿಸಿ ನಿಲ್ಲಿಸುತ್ತಾರೆ. ಮೀನಿಗೆ ಬೇಕಾದ ಹೊತ್ತಿಗೆ ಅದು ಮಲಗಿರುತ್ತದೆ. ತೇಲುವ ತೋಟ, ಅಂದರೆ ಪಿವಿಸಿ ಪೈಪಿನ ತೆಪ್ಪದ ಮೇಲೆ ಬೆಳೆಸಿದ ಗಿಡ, ಒಳ್ಳೆಯದೇ. ಅದನ್ನು ಎರಡು ಮೂರು ತಿಂಗಳಿಗೊಮ್ಮೆ ಕತ್ತರಿಸಿ ಹೊರಗೆ ಸಾಗಿಸಿದರೆ ಮಾತ್ರ ರಂಜಕವೂ ಅದರ ಜೊತೆ ಹೊರಗೆ ಹೋಗುತ್ತದೆ. ಅಂತರಗಂಗೆ ಕಿತ್ತು ದಡದಲ್ಲೇ ರಾಶಿ ಹಾಕಿದರೆ ಅದು ಕೊಳೆತು ಮುಂದಿನ ಮಳೆಗೆ ಮತ್ತೆ ನೀರಿಗೇ ಇಳಿಯುತ್ತದೆ. ಕಾಂಪೋಸ್ಟ್ ಗುಂಡಿ ಏರಿಯ ಆಚೆ ಬದಿಗಿರಲಿ.

ಹೂಳು ತೆಗೆಸುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಕೊಳೆಯ ದಾರಿಗಳನ್ನೆಲ್ಲ ಮುಚ್ಚಿದ ಮೇಲೂ ಹಳೆಯ ಹೂಳಿನಿಂದ ರಂಜಕ ವರ್ಷಗಟ್ಟಲೆ ಮೇಲೆ ಬರುತ್ತಿರುತ್ತದೆ. ಆಗ ತೆಗೆಸಿ, ಬೇಸಿಗೆಯಲ್ಲಿ ತೆಗೆಸಿ. ನೀರು ಒಳಬರುವ ಬಾಯಿಯಲ್ಲಿ ಒಂದು ಹೂಳು ಗುಂಡಿ ತೋಡಿಟ್ಟರೆ ಮುಂದೆ ಅದನ್ನಷ್ಟೇ ವರ್ಷಕ್ಕೊಮ್ಮೆ ಬಳಿದರಾಯಿತು. ಗಣೇಶನನ್ನು ಕೆರೆಗೆ ಬಿಡದೆ ಡ್ರಮ್ಮಿಗೆ ಬಿಡಿ. ಬಾತುಕೋಳಿಗೆ ಬ್ರೆಡ್ಡು ಬೇಡ.

ಹೊರಗಿನಿಂದ ಕೊಳಚೆ ಬರುತ್ತಿದ್ದರೆ ಅಸೋಸಿಯೇಷನ್ ಒಂದೇ ಗುದ್ದಾಡಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಒಳಚರಂಡಿಯ ದೂರಿಗೆ ಜಲಮಂಡಳಿಯ 1916. ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿ ವಿಚಾರಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಕೊಳಕನ್ನು ಜಲಮೂಲಕ್ಕೆ ಬಿಡುವುದನ್ನು ನಿಷೇಧಿಸುತ್ತದೆ, ಅರ್ಜಿಯಲ್ಲಿ ಅದನ್ನು ನಮೂದಿಸಿ. ಸುಮ್ಮನೆ 'ನಾತ ಬರುತ್ತಿದೆ' ಎಂದು ಬರೆದರೆ ಫೈಲು ಕದಲುವುದಿಲ್ಲ. ಚೇಂಬರ್ ಯಾವುದು, ಯಾವ ದಿನ, ಎಷ್ಟು ಗಂಟೆಗೆ, ಮಳೆ ಬಂದು ಎಷ್ಟು ದಿನವಾಗಿತ್ತು, ಜೊತೆಗೆ ಫೋಟೊ ಮತ್ತು ಲ್ಯಾಬ್ ವರದಿ, ಇಷ್ಟಿರಲಿ. ಲೇಔಟಿನ ಕೊಳಚೆ ಲೇಔಟಿನಲ್ಲೇ ನಿಲ್ಲುವುದೂ ಇಲ್ಲ. ಬೆಳ್ಳಂದೂರು ಸುಮಾರು 900 ಎಕರೆಯ ಕೆರೆ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, 2018ರ ಜನವರಿಯಲ್ಲಿ ಮತ್ತೆ ಕೆರೆಯಂಗಳ ಉರಿಯಿತು. ಅದಕ್ಕೆ ಬರುವ ಕಾಲುವೆಗಳ ಮೇಲ್ಭಾಗದಲ್ಲಿ ನಮ್ಮಂಥವರ ಲೇಔಟುಗಳೇ ಇವೆ.

ನಮ್ಮ ಬ್ಲಾಕಿನ ಹದಿನಾರು ಮನೆಗಳಲ್ಲಿ ಹನ್ನೊಂದರ ಮಷೀನು ಮಳೆ ಪೈಪಿಗೆ ಸೇರಿತ್ತು. ಒಂಬತ್ತು ಮನೆಯವರು ಬದಲಾಯಿಸಿಕೊಂಡರು. ಇಬ್ಬರು ಇನ್ನೂ 'ನೋಡೋಣ' ಅನ್ನುತ್ತಿದ್ದಾರೆ. ಶುರುಮಾಡಿದಾಗ ತಟ್ಟೆ ಎರಡನೇ ಗಂಟಿಗೇ ಮಾಯವಾಗುತ್ತಿತ್ತು. ಹೋದ ಭಾನುವಾರ ಐದನೆಯದರವರೆಗೆ ಕಂಡಿತು.